ನೀಲಿ ಮಾಸುತ್ತದೆ ಎಂದ ಮಳೆಗಾಲ

ವೀರೇಶ ಕೇಳುತ್ತಲೇ ಇದ್ದ, ನಾನು ಮುಂದೂಡುತ್ತಲೇ ಇದ್ದೆ. "ಅಜ್ಜಾರ, ಆ ಮಳಿಗಾಲ್ದಾಗ ನಮ್ಮ ವೆಬ್‌ಸೈಟುಗಳಿಗೆ ಬಣ್ಣ, ಅಕ್ಷರ ಹೆಂಗ ಕೂಡಿ ಆರಿಸಿದ್ವಿ, ನಿಮಗ ನೆನಪಾದಂಗ ಬರ್ಕೊಡ್ರಿ. ಹೊಸ ಹುಡುಗ್ರು ಓದ್ಲಿ." ಮೊದಲು ಕಣ್ಣಿನ ಪೊರೆ ಎಂದೆ. ಪೊರೆ ತೆಗೆಸಿದ ಮೇಲೆ ಕೈ ನಡುಗುತ್ತದೆ ಎಂದೆ. ಹೈಸ್ಕೂಲಿಗೇ ಓದು ಮುಗಿಸಿದವನಿಗೆ ಬರವಣಿಗೆ ಎಲ್ಲಿ ಬರಬೇಕು ಎಂದೂ ಅಂದೆ. ಇವು ಯಾವುವೂ ಸುಳ್ಳಲ್ಲ. ಆದರೆ ಯಾವುದೂ ಕಾರಣವಲ್ಲ. ಆ ಮಳೆಗಾಲವನ್ನು ಬರೆದರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ ಎಂಬುದೊಂದೇ ಕಾರಣ.

ಕಳೆದ ವಾರ ಚಿತ್ತವಾಡಗಿ ಕಡೆಯಿಂದ ನಡೆದು ಬರುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಹಾಲಿನ ಅಂಗಡಿಯವನು ಮಳೆ ಬಿಟ್ಟ ಗಳಿಗೆ ನೋಡಿ ಶಟರ್‌ಗೆ ಬಣ್ಣ ಹೊಡೆಸುತ್ತಿದ್ದ. ಹಸಿ ಎನಾಮೆಲ್, ಟರ್ಪೆಂಟೈನ್, ನೆನೆದ ಮಣ್ಣು ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯಲ್ಲೇ ಅನ್ನ ಉಂಡು ಬೆಳೆದವನು ನಾನು, ಅದು ಹಿತವಾಗಬೇಕಿತ್ತು. ಆಗಲಿಲ್ಲ. ಡಬ್ಬಿಯಲ್ಲಿದ್ದದ್ದು ನೀಲಿ.

"ಏನ್ ಪೇಂಟ್ರಜ್ಜ, ಕಲರ್ ಹೆಂಗೈತ್ರಿ? ಬಿಸಲಿಗೆ ನಿಲ್ತೈತೇನ್ರಿ?" ಎಂದು ಅಂಗಡಿಯವನು ಕೇಳಿದ.

"ನಿಲ್ತೈತಿ" ಎಂದೆ. ಅಷ್ಟು ಹೇಳಿ ಮನೆಗೆ ಬಂದು ಕಾಗದ ತೆಗೆದುಕೊಂಡು ಕೂತೆ.

ನಾನು ಹೊಸಪೇಟೆಯಲ್ಲಿ ಬೋರ್ಡ್ ಬರೆಯುತ್ತಿದ್ದವನು. ಕಿರಾಣಿ ಅಂಗಡಿ, ಖಾನಾವಳಿ, ಸೈಕಲ್ ಶಾಪು, ದವಾಖಾನೆ, ಲಾರಿಯ ಹಿಂಬದಿ, ಎಲ್ಲಕ್ಕೂ ಅಕ್ಷರ ಬರೆದಿದ್ದೇನೆ. ಸಂಡೂರಿಗೂ ಕಂಪ್ಲಿಗೂ ಕುಂಚದ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಹೋಗಿಬಂದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕುಂಚಗಳು ಒಣಗಿದವು. ಅಂಗಡಿ ಬಾಗಿಲು ಹಾಕಿಯೇ ಇತ್ತು. ಆಗ ಬಂದವನು ವೀರೇಶ. ಇಲ್ಲಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಷ್ಟರು. "ಭಾನುವಾರ ಒಂದಿನ ಅಂಗಡಿ ಕೊಡ್ರಿ ಅಜ್ಜಾರ. ನಾವೊಂದಿಷ್ಟು ಮಂದಿ ಕುಂತು ಪ್ರೋಗ್ರಾಮಿಂಗ್ ಕಲೀತೀವಿ" ಎಂದ. ಏನೆಂದು ಪೂರ್ತಿ ತಿಳಿಯಲಿಲ್ಲ. ಒಳ್ಳೆಯ ಹುಡುಗ ಎಂಬುದು ತಿಳಿಯಿತು. ಬೀಗದ ಕೈ ಕೊಟ್ಟೆ.

ಅವರ ಗುಂಪಿಗೆ 'ಗಣಕ ಕಟ್ಟೆ' ಎಂದು ಹೆಸರು. ಯಾರಿಗೆ ಎಷ್ಟು ಗೊತ್ತೋ ಅಷ್ಟನ್ನು ಇನ್ನೊಬ್ಬರಿಗೆ ಹೇಳಿಕೊಡುವುದು, ಪಾಠಗಳನ್ನು ಕನ್ನಡದಲ್ಲೇ ಬರೆದು ವೆಬ್‌ಸೈಟಿಗೆ ಹಾಕುವುದು, ಇದು ಅವರ ಕೆಲಸ. ಹೊಸಪೇಟೆಯಂತೆ ಸಂಡೂರು, ಹಂಪಿ, ಕಂಪ್ಲಿಯಲ್ಲೂ ಒಂದೊಂದು ಕಟ್ಟೆ ಹುಟ್ಟಿಕೊಂಡಿತ್ತು. ಒಂದೊಂದು ಊರನ್ನು ನೋಡಿಕೊಳ್ಳುವವರು ಭಾನುವಾರ ನನ್ನ ಅಂಗಡಿಗೆ ಬರುತ್ತಿದ್ದರು. ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಊರು ಹಿಡಿದೇ ಕರೆಯುವುದು. "ಸಂಡೂರು ಬಂದನೇನು? ಹಂಪಿಗೆ ಚಾ ಹೇಳ್ರಿ." ಸಂಡೂರು ಎಂದರೆ ಅದಿರಿನ ಲಾರಿ ತೂಗುವ ಕಾಟಾದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗ. ತಲೆಗೂದಲಲ್ಲಿ ಯಾವಾಗಲೂ ಕೆಂಪು ಧೂಳು. ಹಂಪಿ ಎಂದರೆ ಬಾಳೆತೋಟದ ಪಕ್ಕ ಸಣ್ಣ ಗೆಸ್ಟ್ ಹೌಸ್ ಇಟ್ಟುಕೊಂಡು ಬಾಡಿಗೆಗೆ ಸೈಕಲ್ ಕೊಡುವವನು. ಕಂಪ್ಲಿ ಎಂದರೆ ಒಬ್ಬಳು ಹುಡುಗಿ. ವಾರವೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ, ಶನಿವಾರ ಸಂಜೆ ತನ್ನ ಓಣಿಯ ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳಿಗೆ ಪಾಠ, ಭಾನುವಾರ ಮೊದಲ ಬಸ್ಸಿಗೆ ಹೊಸಪೇಟೆ.

ನಾಲ್ಕು ಊರಿಗೆ ನಾಲ್ಕು ಸೈಟು. ಅವು ಒಂದೇ ಮನೆಯ ಮಕ್ಕಳೆಂದು ಯಾರೂ ಹೇಳುವಂತಿರಲಿಲ್ಲ.

"ಸಂಡೂರು, ನಿನ್ ಸೈಟ್ ತೆಗೆದ್ರ ಕರೆಂಟ್ ಹೋದಂಗ ಆಗ್ತೈತಿ. ಮೇಣಬತ್ತಿ ಹಚ್ಕೊಂಡು ಓದಬೇಕು" ಎನ್ನುತ್ತಿದ್ದಳು ಕಂಪ್ಲಿ.

"ಅಕ್ಕ, ಪ್ರೋಗ್ರಾಮರ್ ಅಂದ್ರ ಹಂಗ ಇರಬೇಕು. ಕರಿ ಸ್ಕ್ರೀನು, ಹಸರು ಅಕ್ಷರ. ಸಿನಿಮಾದಾಗ ನೋಡಿಲ್ಲೇನು?"

"ಹಂಪಿದು ತೆಗೆದ್ರ, ರೂಮ್ ಬೇಕೇನ್ರಿ ಅಂತ ಕೇಳ್ತೈತಿ" ಎಂದು ವೀರೇಶ ನಗುತ್ತಿದ್ದ.

"ನಿಮ್ದೇನ್ ಕಮ್ಮಿ ಐತ್ರಿ ಸರ? ರಾಜ್ಯೋತ್ಸವದ ಪೆಂಡಾಲು!" ಎಂದು ಹಂಪಿ ತಿರುಗಿ ಬೀಳುತ್ತಿದ್ದ. ವೀರೇಶನ ಸೈಟು ನಿಜಕ್ಕೂ ಹಾಗೇ ಇತ್ತು. ಹಳದಿ ಕೆಂಪು, ಮೇಲೆ ಓಡಾಡುವ ಅಕ್ಷರ.

ನಗೆ ನಿಂತದ್ದು ಕುರೆಕುಪ್ಪದಿಂದ ಒಂದು ಫೋನ್ ಬಂದಾಗ. ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ಒಬ್ಬ ಹೊಸಪೇಟೆಯ ಸೈಟು ನೋಡಿ ಕಲಿಯುವ ಆಸೆ ಪಟ್ಟಿದ್ದ. ನಿನಗೆ ಸಂಡೂರು ಹತ್ತಿರ, ಅಲ್ಲಿ ಹೆಸರು ಕೊಡು ಎಂದು ವೀರೇಶ ಆ ಸೈಟಿನ ವಿಳಾಸ ಕಳಿಸಿದ್ದ. ಫೋನಿನಲ್ಲಿ ಆ ಮನುಷ್ಯ ಗಾಬರಿಯಿಂದ ಹೇಳುತ್ತಿದ್ದ: "ಸರ, ಬ್ಯಾರೆ ಯಾರೋ ನಿಮ್ಮ ಹೆಸರು ಹಾಕ್ಕೊಂಡು ಫೋನ್ ನಂಬರ್ ಇಸ್ಕೊಳಾಕತ್ಯಾರ. ನಾ ಜಾಣ, ಕೊಡ್ಲಿಲ್ಲ. ನಿಮ್ಮ ಸೈಟಿಗೂ ಅದಕ್ಕೂ ಸಂಬಂಧಾನ ಇಲ್ರಿ." ಅವನು ಮತ್ತೆ ಬರಲೇ ಇಲ್ಲ. ನಮ್ಮದನ್ನು ಮೋಸದ ಸೈಟು ಅಂದುಕೊಂಡನಲ್ಲ ಎಂದು ಸಂಡೂರಿನ ಹುಡುಗ ಅವತ್ತು ಮಧ್ಯಾಹ್ನ ಮಿರ್ಚಿ ಕೂಡ ಮುಟ್ಟಲಿಲ್ಲ.

ಹೀಗೆ ಶುರುವಾಯಿತು. ಎಲ್ಲ ಊರಿನ ಸೈಟಿಗೂ ಒಂದೇ ಬಣ್ಣ, ಒಂದೇ ಅಕ್ಷರ, ಒಂದೇ ನಮೂನೆಯ ಬಟನ್ನು. ಅಷ್ಟೇ ಅಲ್ಲ, ಪಾಠ ನಡೆಯುವ ಕೋಣೆಗಳ ಬಾಗಿಲಿಗೂ ಬೋರ್ಡಿಗೂ ಅದೇ ಬಣ್ಣ. ಫೋನಿನಲ್ಲಿ ನೋಡಿದವನು ಬಾಗಿಲ ಮುಂದೆ ಬಂದು ನಿಂತಾಗ ಇದೇ ಅದು ಎಂದು ಗುರುತು ಹಿಡಿಯಬೇಕು. ಜೂನ್ ಮಳೆ ಬಿದ್ದ ಹೊಸದರಲ್ಲಿ ಮಾತು ಎತ್ತಿದರು. ಶ್ರಾವಣ ಮುಗಿಯುವವರೆಗೂ ಅದೇ ಮಾತು.

ಒಪ್ಪಿಗೆ ಮಾಡಿಕೊಳ್ಳುವ ಅವರ ಪದ್ಧತಿ ನನಗೆ ಹೊಸದು. ಜಗತ್ತಿನ ಪ್ರೋಗ್ರಾಮರುಗಳು ಹಾಗೆ ಮಾಡುತ್ತಾರಂತೆ. ಯಾರು ಬೇಕಾದರೂ ಒಂದು ಮಾದರಿ ಮಾಡಿ ಗೋಡೆಗೆ ಅಂಟಿಸಬಹುದು. ಕೈ ಎತ್ತಿಸುವುದಿಲ್ಲ, ಎಣಿಸುವುದಿಲ್ಲ. ಮುಂದಿನ ಭಾನುವಾರದೊಳಗೆ ಯಾರೂ ತಕರಾರು ತೆಗೆಯದಿದ್ದರೆ ಅದು ಒಪ್ಪಿಗೆಯಾದ ಹಾಗೆ. ತಕರಾರು ತೆಗೆದವನು ಕಾರಣ ಹೇಳಬೇಕು. "ನನಗ ಸೇರಂಗಿಲ್ಲ" ಎಂಬುದು ಕಾರಣವಲ್ಲ. ಕಾರಣ ಸರಿ ಎನಿಸಿದರೆ, ಮಾದರಿ ಅಂಟಿಸಿದವರೇ ಅದನ್ನು ತಿದ್ದಬೇಕು, ಇಲ್ಲವೇ ತಮ್ಮ ಕೈಯಿಂದಲೇ ಇಳಿಸಬೇಕು. ಬೇರೆಯವರು ಕಿತ್ತು ಹಾಕುವಂತಿಲ್ಲ. ದೊಡ್ಡ ದನಿಯವನ ಮಾತೇ ನಡೆಯುವ ಪಂಚಾಯ್ತಿಗಳನ್ನು ಕಂಡವನು ನಾನು. ಇದು ನನಗೆ ಬಹಳ ಹಿಡಿಸಿತು.

"ಅಜ್ಜಾರ, ನೀವೂ ತಕರಾರು ತೆಗೀಬಹುದ್ರಿ. ಅಕ್ಷರ, ಬಣ್ಣ ಅಂದ್ರ ನಿಮ್ಮಷ್ಟು ಗೊತ್ತಿದ್ದವ್ರು ನಮ್ಮೊಳಗ ಯಾರದಾರ?" ಎಂದ ವೀರೇಶ. ಒಣಗಿದ ಕುಂಚಕ್ಕೆ ಎಣ್ಣೆ ಹಚ್ಚಿದಂತಾಯಿತು.

ವೀರೇಶನ ಹಳದಿ ಕೆಂಪು, ಹಸಿರು ಕೆಂಪು ಬಟನ್ನುಗಳ ಸಮೇತ, ಮೊದಲು ಗೋಡೆ ಏರಿತು. ಸಂಡೂರು ತಕರಾರು ತೆಗೆದ. "ನಮ್ಮಪ್ಪಗ ಕೆಂಪು, ಹಸರು ಎರಡೂ ಒಂದ ಕಾಣ್ತಾವ್ರಿ. ಡ್ರೈವರ್ ಆಗ್ಬೇಕಂತಿದ್ದ, ಅದಕ್ಕ ಲೈಸೆನ್ಸ್ ಸಿಗಲಿಲ್ಲ. ಸರಿ ಅನ್ನೋ ಬಟನ್ ಹಸರು, ತಪ್ಪು ಅನ್ನೋದು ಕೆಂಪು ಇಟ್ರ, ಅಂಥವ್ರು ಏನ್ ಒತ್ತಬೇಕು?" ವೀರೇಶ ಎದ್ದು ಹಾಳೆ ಇಳಿಸಿದ. ಹಂಪಿ ತಂದ ಕಲ್ಲಿನ ರಥದ ಚಿತ್ರ ಫೋನಿನಲ್ಲಿ ತೆರೆಯಲು ತಡವಾಗುತ್ತದೆಂಬ ಕಾರಣಕ್ಕೆ ಇಳಿಯಿತು.

ಈ ನಡುವೆ ಕಂಪ್ಲಿಯ ಹುಡುಗಿ ನನ್ನ ಬೆನ್ನು ಹತ್ತಿದ್ದಳು. "ಅಜ್ಜ, 'ರಾಷ್ಟ್ರ' ಅಂತ ಬರೀರಿ" ಎಂದಳು ಒಂದು ದಿನ. ಬರೆದೆ. ಕೆಳಗೆ ಇನ್ನೊಂದು ಸಾಲು ಬರೆಯಿರಿ ಎಂದಳು. ಬರೆದೆ. ಆಮೇಲೆ ತನ್ನ ಫೋನು ತೋರಿಸಿದಳು. "ನಿಮ್ಮ ಕೈಯಾಗ ಸರಿ ಕುಂದ್ರುತೈತಿ. ಇಲ್ಲಿ ನೋಡ್ರಿ, ಒತ್ತಕ್ಷರ ಕೆಳಗಿನ ಸಾಲಿನ ತಲಿ ಮ್ಯಾಲೆ ಕಾಲಿಡಾಕತ್ತೈತಿ."

"ಇಂಗ್ಲಿಷಿನ ಅಳತಿ ಇಟ್ಟಿ ನೀನು. ನಮ್ಮ ಅಕ್ಷರಕ್ಕ ಕಾಲು ಇಳಿಬಿಡಾಕ ಜಾಗ ಬೇಕವ್ವ" ಎಂದೆ.

ಆಕೆ ನನ್ನ ಕೈಬರಹವನ್ನು ಸ್ಕೇಲಿಟ್ಟು ಅಳೆದಳು, ಫೋಟೊ ತೆಗೆದಳು, ಮುಂದಿನ ಭಾನುವಾರ ತಿದ್ದಿ ತಂದಳು. ಮತ್ತೆ ಕೇಳಿದಳು, ಮತ್ತೆ ತಿದ್ದಿದಳು. ಹಠಮಾರಿ. "ಇನ್ನೂ ಒಂದ್ಸಲ ನೋಡ್ರಿ. ಕನ್ನಡಕ ಒರೆಸ್ಕೊಂಡು ನೋಡ್ರಿ" ಎಂದು ರೇಗಿಸುತ್ತಿದ್ದಳು. ಎಷ್ಟೋ ವರ್ಷಗಳಿಂದ ನನ್ನ ಅಕ್ಷರದ ಬಗ್ಗೆ ಯಾರೂ ಅಷ್ಟು ಹೊತ್ತು ಮಾತಾಡಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಮಂಡಕ್ಕಿ ಒಗ್ಗರಣೆಯ ಪೊಟ್ಟಣ, ನಾವಿಬ್ಬರೂ ಒಂದು 'ಷ್ಟ್ರ'ದ ಮೇಲೆ ಬಗ್ಗಿ ಕೂತದ್ದು. ಆ ಮಳೆಗಾಲದಲ್ಲಿ ನನಗೆ ಸಿಕ್ಕ ಸುಖ ಅದು. ಈಗಲೂ ನೆನೆದರೆ ಬೆರಳು ಬೆಚ್ಚಗಾಗುತ್ತವೆ.

ಆ ದಿನಗಳಲ್ಲೇ ಕಂಪ್ಲಿಯಲ್ಲಿ ನೆಂಟರ ಮನೆಯ ಕಾರ್ಯವಿತ್ತು. ನಮ್ಮ ಕ್ಲಾಸು ನೋಡಿಕೊಂಡೇ ಹೋಗಬೇಕು ಎಂದು ಆಕೆ ಹಟ ಹಿಡಿದಿದ್ದಳು, ಹೋದೆ. ನದಿಯ ಕಡೆ ಇಳಿಯುವ ಓಣಿ. ಭವನದಲ್ಲಿ ಹುಡುಗಿಯರು ಒಂದೇ ಲ್ಯಾಪ್‌ಟಾಪಿನ ಸುತ್ತ ತಲೆಗೆ ತಲೆ ಹಚ್ಚಿ ಕೂತಿದ್ದರು. ಪಾಠ ಮುಗಿದ ಮೇಲೆ ಮನೆಗೆ ಕರೆದೊಯ್ದಳು. ಗೋಡೆಯ ಮೇಲೆ ಬುದ್ಧನ ಪಟ. ಮೂಲೆಯಲ್ಲಿ ಕೋಲಿಗೆ ಸುತ್ತಿ ನಿಲ್ಲಿಸಿದ ನೀಲಿ ಬಾವುಟ, ಏಪ್ರಿಲ್ ತಿಂಗಳ ಜಯಂತಿ ಮೆರವಣಿಗೆಯಲ್ಲಿ ಹಿಡಿಯುವಂಥದು. ಆಕೆಯ ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದಳು, "ನಮ್ಮ ಮನ್ಯಾಗ ಚಾ ಕುಡೀತೀರೇನ್ರಿ ಯಪ್ಪಾ?"

"ಯಾಕ ಕುಡ್ಯಂಗಿಲ್ಲ ತಾಯಿ? ತರ್ರಿ" ಎಂದೆ.

ಕುಡಿದೆ. ಆಮೇಲೆ ಬಸ್ಸಿನಲ್ಲಿ ಹೊಸಪೇಟೆ ಬರುವ ತನಕ ನನ್ನ ಬಗ್ಗೆ ನಾನೇ ಹೆಮ್ಮೆ ಪಡುತ್ತ ಕೂತಿದ್ದೆ. ನಮ್ಮದು ಹಳೆಯ ಶೈವ ಮನೆತನ. ನಮ್ಮಪ್ಪ ಆ ಓಣಿಗೆ ಕಾಲಿಟ್ಟವನಲ್ಲ. ನಾನು ಅಲ್ಲಿ ಚಹಾ ಕುಡಿದು ಬಂದಿದ್ದೆ. ಕುಡಿದ ಚಹಾವನ್ನು ದೊಡ್ಡ ಕೆಲಸ ಎಂದು ಲೆಕ್ಕ ಹಿಡಿದವನ ಮನಸ್ಸು ಎಷ್ಟು ಚಿಕ್ಕದು ಎಂದು ಆಗ ಹೊಳೆಯಲಿಲ್ಲ.

ಮುಂದಿನ ಭಾನುವಾರ ಕಂಪ್ಲಿಯ ಮಾದರಿ ಗೋಡೆ ಏರಿತು. ಬಿಳಿಯ ಮೇಲೆ ಕಪ್ಪು ಅಕ್ಷರ, ತಲೆಪಟ್ಟಿ ಮತ್ತು ಬಟನ್ನುಗಳು ನೀಲಿ. ಗಾಢವಾದ, ತಣ್ಣಗಿನ ನೀಲಿ. ಸಾಲು ಸಾಲಿನ ನಡುವೆ ಒತ್ತಕ್ಷರಗಳು ಕಾಲು ಚಾಚಿ ಆರಾಮಾಗಿ ಕೂತಿದ್ದವು. "ಲಿಂಕ್ ಅಂದ್ರ ನೀಲಿ ಇರ್ತೈತಿ ಅಂತ ಫೋನ್ ಹಿಡಿದವ್ರಿಗೆಲ್ಲ ಮೊದಲ ಗೊತ್ತೈತಿ. ಹೊಸದಾಗಿ ಕಲಿಸಬೇಕಾಗಿಲ್ಲ" ಎಂದಳು. ಆಕೆ ಮುಂಚೆಯೇ ಕಳಿಸಿದ್ದ ಮಾದರಿಯನ್ನು ಸಂಡೂರು ಅಪ್ಪನಿಗೆ ಫೋನಿನಲ್ಲಿ ತೋರಿಸಿ ಬಂದಿದ್ದ. "ಮೊದಲನೇ ಸಲಕ್ಕ ಸರಿ ಬಟನ್ ಒತ್ತಿದ ನೋಡ್ರಿ ನಮ್ಮಪ್ಪ!" ಎಲ್ಲರೂ ನನ್ನತ್ತ ನೋಡಿದರು. "ಮಸ್ತ್ ಐತವ್ವ" ಎಂದೆ. ಮನಸಾರೆ ಎಂದೆ. ಅದಕ್ಕೆ ಎದುರಾಗಿ ಹೇಳಲು ಒಂದು ಮಾತೂ ನನ್ನಲ್ಲಿರಲಿಲ್ಲ. ಒಂದು ವಾರ ಕಳೆದರೆ ಆಕೆಯ ಮಾದರಿ ಎಲ್ಲರದಾಗುತ್ತಿತ್ತು.

ಆ ವಾರದಲ್ಲಿ ಶೇಖರಪ್ಪ ಬಂದ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವನು, ನನ್ನ ಬೀಗ. ಮಗಳನ್ನು ಅವರ ಮನೆಗೆ ಕೊಟ್ಟಿದ್ದೇನೆ. ಮದುವೆಯೊಂದರ ಕರೆಯೋಲೆ ಕೊಡಲು ಬಂದವನು ಅಂಗಡಿಯಲ್ಲಿ ಕೂತು ಗೋಡೆ ನೋಡಿದ.

"ಏನ್ ಬೀಗರ, ಏನಿದು?"

"ಹುಡುಗ್ರ ಸೈಟಿನ ಬಣ್ಣ. ಅಂಗಡಿ ಬಾಗಿಲಿಗೂ ಇದ ಬರ್ತೈತಿ."

"ಈ ಬಣ್ಣಾನ? ಯಾರು ಆರಿಸಿದ್ರು? ಕಂಪ್ಲಿಯಿಂದ ಬರ್ತಾಳಲ್ಲ ಆ ಹುಡುಗಿ ಏನು? ಆಕಿ ಯಾವ ಓಣಿಯಾಕಿ ಅಂತ ನಮಗ ಗೊತ್ತಿಲ್ಲೇನ್ರಿ." ಆಮೇಲೆ ನಕ್ಕ. "ಆತು ಬಿಡ್ರಿ. ಮುಂದಿನ ಏಪ್ರಿಲ್‌ಗ ಮೆರವಣಿಗಿ ನಿಮ್ಮ ಅಂಗಡಿಯಿಂದನ ಹೊಂಡ್ಲಿ. ನಾವೂ ಬಂದು ಕೈ ಮುಗೀತೀವಿ."

ನಾನೂ ನಕ್ಕೆ. ನಕ್ಕದ್ದು ಮೊದಲ ತಪ್ಪು.

ಮಗಳು ಅವರ ಮನೆಯಲ್ಲಿದ್ದಾಳೆ, ಹೆದರಿದೆ ಎಂದು ನೆಪ ಹೇಳಬಹುದು. ಹೇಳುವುದಿಲ್ಲ. ಶೇಖರಪ್ಪ ಒಂದು ಬೀಜ ಎಸೆದು ಹೋದ, ಅದು ಮೊಳೆಯುವ ನೆಲ ನನ್ನೊಳಗೆ ಮೊದಲೇ ಹದವಾಗಿತ್ತು. ಅವತ್ತಿನಿಂದ ಆ ಹಾಳೆ ಕಂಡಾಗಲೆಲ್ಲ ನನಗೆ ಸೈಟು ಕಾಣಲಿಲ್ಲ, ಅಕ್ಷರ ಕಾಣಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟ ಬಾವುಟ ಕಂಡಿತು. ನನ್ನ ಅಂಗಡಿಯ ಬಾಗಿಲು ಆ ಬಣ್ಣದಲ್ಲಿ ಕಂಡಿತು. ಓಣಿಯವರು ಅದರ ಮುಂದೆ ನಿಂತು ಏನನ್ನುತ್ತಾರೆ ಎಂಬುದು ಕೇಳಿಸಿತು.

ಆದರೆ ಇದು ಹೇಳುವ ಕಾರಣವಲ್ಲ. ಆ ಹುಡುಗರ ಮುಂದೆ ಈ ಮಾತು ಬಾಯಿಬಿಟ್ಟು ಆಡುವ ಧೈರ್ಯ ನನಗಿರಲಿಲ್ಲ. ಹೇಳಬಹುದಾದ ಕಾರಣವೊಂದನ್ನು ಹುಡುಕಬೇಕಿತ್ತು. ಹುಡುಕಿದೆ. ನನ್ನ ಕಸುಬಿನೊಳಗೇ ಕೈ ಹಾಕಿ ಹುಡುಕಿದೆ.

ಭಾನುವಾರ ಬಂತು. ಅಣೆಕಟ್ಟು ತುಂಬಿ ನದಿಗೆ ನೀರು ಬಿಟ್ಟಿದ್ದರು. ಹಂಪಿಯಲ್ಲಿ ನದಿ ದಂಡೆಯ ಮಂಟಪಗಳು ಮುಳುಗಿದ್ದವು, ಕಂಪ್ಲಿಯ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಕಂಪ್ಲಿಯ ಹುಡುಗಿ ಬರಲಿಲ್ಲ. ಓಣಿಯ ಬಾಯಿಗೆ ನೀರು ಬಂದಿದೆ, ಸಾಮಾನು ಶಾಲೆಗೆ ಸಾಗಿಸುತ್ತಿದ್ದೇವೆ ಎಂದು ವೀರೇಶನಿಗೆ ಫೋನ್ ಮಾಡಿದ್ದಳು. "ತಕರಾರು ಯಾವುದೂ ಇಲ್ಲಲ್ಲ? ಹಂಗಾದ್ರ ಒಪ್ಪಿಗಿ ಆದಂಗ" ಎಂದು ವೀರೇಶ ಎಲ್ಲರನ್ನೂ ನೋಡಿದ.

"ನಂದೊಂದೈತಿ" ಎಂದೆ.

ಎಲ್ಲರೂ ತಿರುಗಿದರು.

"ನೀಲಿ ನಮ್ಮ ಬಿಸಲಿಗೆ ನಿಲ್ಲಂಗಿಲ್ಲ. ಮಾಸ್ತೈತಿ."

"ಸ್ಕ್ರೀನ್ ಮ್ಯಾಲೆ ಬಿಸಲೆಲ್ಲಿ ಬೀಳ್ತೈತ್ರಿ ಅಜ್ಜ?" ಎಂದು ಹಂಪಿ ನಕ್ಕ.

"ಬಾಗಿಲಿಗೂ ಬೋರ್ಡಿಗೂ ಅದ ಬಣ್ಣ ಅಂದ್ರಲ್ಲ? ಎರಡು ಬ್ಯಾಸಿಗಿ ಕಳೆಯೋದ್ರೊಳಗ ಬೋರ್ಡು ಒಂದು ಬಣ್ಣ, ಸೈಟು ಒಂದು ಬಣ್ಣ ಆಗ್ತೈತಿ. ಮತ್ತ ಕುರೆಕುಪ್ಪದಾಂವ ಅಂದಂಗ ಅಂತಾರ, ಇದು ಬ್ಯಾರೆ ಯಾರದೋ ಅಂತ."

ಆ ಮಾತು ಅವರಿಗೆ ನಾಟಿತು. "ನೆಟ್‌ನಾಗ ನೋಡಣೇನ್ರಿ, ಯಾವ ಬಣ್ಣ ಮಾಸ್ತೈತಿ ಅಂತ?" ಎಂದು ಸಂಡೂರು ಫೋನು ತೆಗೆದ. ವೀರೇಶ ಅವನ ಕೈ ತಡೆದ. "ಲೇ, ಪೇಂಟರ್ ಅಜ್ಜ ಎದುರಿಗೆ ಕುಂತಾಗ ನೆಟ್ ಯಾಕಲೇ?"

ಸಂಡೂರು ಫೋನು ಜೇಬಿಗಿಟ್ಟ. ಬೋರ್ಡ್ ಬರೆಯುವ ಪ್ರತಿಯೊಬ್ಬನಿಗೂ ಗೊತ್ತಿರುವ ಸತ್ಯ ನಾನು ಹೇಳಿದ್ದಕ್ಕೆ ತಿರುಗುಮುರುಗು. ನಮ್ಮ ಬಿಸಿಲಿಗೆ ಮೊದಲು ಹೋಗುವುದು ಕೆಂಪು. ಹಳದಿ ಅದರ ಹಿಂದೆ. ನೀಲಿ ಕೊನೆಯ ತನಕ ನಿಲ್ಲುತ್ತದೆ. ನನ್ನ ಗುರು ಕಲಿಸಿದ ಮೊದಲ ಪಾಠಗಳಲ್ಲಿ ಅದೂ ಒಂದು. ಜೀವನದಲ್ಲಿ ಬೇರೆ ಸುಳ್ಳು ಹೇಳಿರಬಹುದು. ಬಣ್ಣದ ವಿಷಯದಲ್ಲಿ ಗಿರಾಕಿಗೆ ಎಂದೂ ಸುಳ್ಳು ಹೇಳಿದವನಲ್ಲ ನಾನು.

ಇನ್ನೊಂದು ವಾರ ಬಿಟ್ಟು ಆಕೆ ಬಂದಳು. ಚಪ್ಪಲಿಯಲ್ಲಿ ಕೆಸರು, ಕಣ್ಣಿನ ಕೆಳಗೆ ಕಪ್ಪು. ನೀರು ಇಳಿದಿತ್ತು, ಮನೆ ಉಳಿದಿತ್ತು. ವೀರೇಶ ವಿಷಯ ಹೇಳಿದ. ಆಕೆ ನೇರ ನನ್ನ ಮುಂದೆ ಬಂದು ಕೂತಳು.

"ಅಜ್ಜ, ನೀಲಿ ಮಾಸ್ತೈತಿ ಅಂದ್ರಂತ. ಖರೇನಾ?"

ಆ ಗಳಿಗೆ ನನಗೆ ಸಿಕ್ಕಿತ್ತು. ಇಲ್ಲವ್ವ, ಮರೆತು ಅಂದೆ ಎಂದಿದ್ದರೆ ಮುಗಿಯುತ್ತಿತ್ತು.

"ಖರೇ" ಎಂದೆ.

ಆಕೆ ಹಾಳೆಯನ್ನು ನೋಡಿದಳು. ವಾದಿಸಬಹುದಿತ್ತು. ಬೋರ್ಡಿಗೆ ಬೇರೆ ಏನಾದರೂ ಮಾಡೋಣ ಎನ್ನಬಹುದಿತ್ತು. ಸಂಡೂರಿನವನ ಜೊತೆ ಅಕ್ಷರದ ಗಾತ್ರಕ್ಕೆ ಒಂದು ಮಧ್ಯಾಹ್ನವೆಲ್ಲ ಜಗಳಾಡಿದವಳು ಆಕೆ. ನನ್ನ ಜೊತೆ ಜಗಳಾಡಲಿಲ್ಲ. "ನೀವು ಹೇಳಿದ ಮ್ಯಾಲೆ ಮುಗೀತು ಬಿಡ್ರಿ" ಎಂದು ಎದ್ದಳು. ಮೂಲೆಗಳು ಹರಿಯದಂತೆ ಉಗುರಿನಿಂದ ಅಂಟು ಬಿಡಿಸಿ ಹಾಳೆಯನ್ನು ಇಳಿಸಿದಳು. ಮಡಚಿ ಚೀಲದೊಳಗಿಟ್ಟಳು. "ಯಾವ ಬಣ್ಣ ನಿಲ್ತೈತಿ, ನೀವ ಹೇಳ್ರಿ."

"ಕಾವಿ" ಎಂದೆ. ಕೆಂಪು ಪೇಂಟಿನಂತಲ್ಲ, ಮಣ್ಣಿನಿಂದ ಬರುವ ಬಣ್ಣ, ಬಿಸಿಲಿಗೆ ನಿಲ್ಲುವುದು ನಿಜ. ಸಂಡೂರಿನ ಮಣ್ಣಿನ ಬಣ್ಣ, ಹಂಪಿಯ ಗುಡಿ ಗೋಡೆಯ ಪಟ್ಟೆಯ ಬಣ್ಣ, ನಮ್ಮ ಸೀಮೆಯ ಬಣ್ಣ ಎಂದೆಲ್ಲ ಚಂದ ಮಾಡಿ ಹೇಳಿದೆ. ಎಲ್ಲರೂ ತಲೆದೂಗಿದರು. ಕಾವಿ ನಮ್ಮ ಮಠಗಳ ಬಣ್ಣ, ನಮ್ಮ ಸ್ವಾಮಿಗಳು ಉಡುವ ಬಣ್ಣ. ಇದು ಯಾರ ಬಣ್ಣ ಎಂದು ಒಬ್ಬರೂ ಕೇಳಲಿಲ್ಲ. ಶೇಖರಪ್ಪನೂ ಕೇಳಲಿಲ್ಲ.

ಆಮೇಲಿನ ಕೆಲಸವೆಲ್ಲ ಆಕೆಯೇ ಮಾಡಿದಳು. ಕಾವಿಗೆ ಬಿಳಿ ಅಕ್ಷರ ಕಾಣುವಂತೆ ಗಾಢ ಮಾಡಿದಳು, ಸಂಡೂರಿನವನ ಅಪ್ಪನಿಗೆ ಗುರುತು ಸಿಗಲೆಂದು ಬಟನ್ನುಗಳಿಗೆ ಸರಿ ಚಿಹ್ನೆ, ತಪ್ಪು ಚಿಹ್ನೆ ಕೂಡಿಸಿದಳು, ಎಲ್ಲ ಸೈಟುಗಳಿಗೂ ಹೊಂದಿಸಿದಳು. ತಕರಾರು ಬರಲಿಲ್ಲ. ಗಣೇಶ ಚೌತಿಗೆ ಮುಂಚೆ ಒಂದು ಭಾನುವಾರ ಎಲ್ಲ ಸೈಟುಗಳೂ ಒಟ್ಟಿಗೇ ಹೊಸ ಬಟ್ಟೆ ತೊಟ್ಟವು. ಹೊಸಪೇಟೆಯಿಂದ ಸಂಡೂರಿಗೆ ಒತ್ತಿದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದಂತೆ. ಹಂಪಿ ಬಾಳೆಹಣ್ಣಿನ ಗೊನೆ ತಂದಿದ್ದ. ಸಂಡೂರು ಕುಣಿದ. ನನ್ನ ಅಂಗಡಿಯ ಬಾಗಿಲಿಗೆ ನಾನೇ ಕಾವಿ ಹೊಡೆದೆ, ಎಷ್ಟೋ ವರ್ಷಗಳ ಮೇಲೆ ಬೋರ್ಡ್ ಬರೆದೆ. ಆಕೆ ಚಪ್ಪಾಳೆ ತಟ್ಟಿದಳು.

ಸಂಜೆ ಆಕೆಯನ್ನು ಬಸ್ಸಿಗೆ ಬಿಡಲು ಹೊರಟೆ. ಮಳೆ ಬಿಟ್ಟು ಇಳಿಬಿಸಿಲು ಬಿದ್ದಿತ್ತು. ಖುಷಿಯಲ್ಲಿದ್ದೆ, ಹಳೆಯ ಬಜಾರದ ದಾರಿ ಹಿಡಿದೆ. ಅಲ್ಲಿ ಫ್ಲೆಕ್ಸ್ ಹಾಕಿಸದ ಕೆಲವು ಅಂಗಡಿಗಳಲ್ಲಿ ನಾನು ಬರೆದ ಬೋರ್ಡುಗಳು ಇನ್ನೂ ಇವೆ. ಅದು ನಂದು, ಇದು ನಂದು ಎಂದು ತೋರಿಸುತ್ತ ನಡೆದೆ. ಏನು ತೋರಿಸುತ್ತಿದ್ದೇನೆ ಎಂಬ ಎಚ್ಚರ ನನಗಿರಲಿಲ್ಲ. ಸೈಕಲ್ ಅಂಗಡಿಯ ಬೋರ್ಡಿನ ಮುಂದೆ ಆಕೆ ನಿಂತಳು.

"ಅಕ್ಷರ ಯಾವ ಬಣ್ಣ ಇದ್ದವ್ರಿ ಅಜ್ಜ?"

"ಕೆಂಪು" ಎಂದೆ. ಎಂದ ಮೇಲೆ ನೋಡಿದೆ. ಕೆಂಪು ಪೂರ್ತಿ ಹೋಗಿತ್ತು. ತಗಡಿನ ಮೇಲೆ ಬಿಳಿಚಿದ ಕಲೆ ಮಾತ್ರ. ಅಕ್ಷರಗಳಿಗೆ ನಾನು ಕೊಟ್ಟಿದ್ದ ನೀಲಿ ನೆರಳು ನಿನ್ನೆ ಬರೆದಂತೆ ನಿಂತಿತ್ತು. ಆ ನೆರಳಿನ ಆಸರೆಯಲ್ಲೇ ಬೋರ್ಡನ್ನು ಓದಬಹುದಿತ್ತು.

ಆಕೆ ಮುಂದಿನ ಬೋರ್ಡು ನೋಡಿದಳು, ಅದರಾಚೆಯದನ್ನೂ ನೋಡಿದಳು. ಎಲ್ಲ ಕಡೆ ಅದೇ ಸಾಕ್ಷಿ.

"ನೀಲಿ ಮಾಸಿಲ್ಲಲ್ಲ ಅಜ್ಜ."

"ಅದು... ಆಗಿನ ಕಾಲದ ಪೇಂಟು. ಈಗಿನ ಮಾಲು ಹಂಗಿಲ್ಲವ್ವ."

ನನ್ನ ದನಿ ನನಗೇ ಬೇರೆಯವರದೆನಿಸಿತು. ಆಕೆ ನನ್ನ ಮುಖ ನೋಡಿದಳು. ಬಹಳ ಹೊತ್ತೇನಲ್ಲ. ಓದಿದಳು ಎನ್ನಬೇಕು. ನನಗಿಂತ ಮುಂದೆ ಬಸ್ ನಿಲ್ದಾಣಕ್ಕೆ ನಡೆದಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ನೀವು ನಮ್ಮ ಮನ್ಯಾಗ ಚಾ ಕುಡ್ದ್ರಿ ಅಂತ ನಮ್ಮಜ್ಜಿ ಓಣಿ ತುಂಬ ಹೇಳ್ಕೊಂತ ಅಡ್ಡಾಡಿದ್ಲು."

ಅಷ್ಟೇ ಹೇಳಿ ಒಳಗೆ ಹೋದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಹೇಗೋ ಉಳಿದುಕೊಳ್ಳುತ್ತಿದ್ದೆ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸೈಟಿನ ಪಾಸ್‌ವರ್ಡುಗಳು, ಬಣ್ಣ ಮತ್ತು ಅಳತೆಯ ವಿವರ ಎಲ್ಲವನ್ನೂ ಅಚ್ಚುಕಟ್ಟಾಗಿ ವೀರೇಶನಿಗೆ ಕಳಿಸಿ, ಇನ್ನು ಬರಲಾಗುವುದಿಲ್ಲ ಎಂದು ತಿಳಿಸಿದಳು. ಅವನು ಕಂಪ್ಲಿಗೇ ಹೋಗಿ ಕೇಳಿ ಬಂದ. "ಕಾರಣ ಹೇಳವಲ್ಲಳ್ರಿ ಅಜ್ಜಾರ. ನಮ್ಮಿಂದ ಏನಾರ ತಪ್ಪಾತೇನೋ" ಎಂದು ನನ್ನ ಮುಂದೆಯೇ ಪೇಚಾಡಿದ. ನಾನು ಮಂಡಕ್ಕಿ ತಿನ್ನುತ್ತ ಕೂತಿದ್ದೆ. ಕಂಪ್ಲಿಯ ಶನಿವಾರದ ಪಾಠ ನಿಂತಿತು. ಲ್ಯಾಪ್‌ಟಾಪಿನ ಸುತ್ತ ತಲೆಗೆ ತಲೆ ಹಚ್ಚಿ ಕೂತಿದ್ದ ಹುಡುಗಿಯರು ಏನಾದರೋ ತಿಳಿಯದು. ಕೆಲ ತಿಂಗಳ ನಂತರ ಸೈಟುಗಳಿಂದ ಕಂಪ್ಲಿಯ ಹೆಸರನ್ನೂ ತೆಗೆದರು.

ಒಮ್ಮೆ ಕಂಪ್ಲಿ ಬಸ್ ನಿಲ್ದಾಣದಲ್ಲಿ ಆಕೆಯನ್ನು ಕಂಡೆ. ಕೈಯಲ್ಲಿ ಪುಸ್ತಕಗಳಿದ್ದವು, ಗಂಗಾವತಿಯ ಬಸ್ಸಿಗೆ ಕಾಯುತ್ತಿದ್ದಳು. ನದಿಯಾಚೆ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ ಎಂದು ಕೇಳಿದ್ದೆ. ನಡೆದು ಹೋಗಿ ಮಾತಾಡಿಸುವಷ್ಟು ಹತ್ತಿರವಿದ್ದೆ. ಹಣ್ಣಿನ ಬಂಡಿಯ ಕಡೆ ತಿರುಗಿ ನಿಂತು, ಬೇಡದ ಬಾಳೆಹಣ್ಣಿಗೆ ಚೌಕಾಸಿ ಮಾಡಿದೆ. ತಿರುಗಿ ನೋಡಿದಾಗ ಬಸ್ಸು ಹೋಗಿತ್ತು.

ಈ ಸೈಟುಗಳನ್ನು ಓದುವ ಹೊಸ ಹುಡುಗರೇ, 'ನಮ್ಮ ಬಗ್ಗೆ' ಎಂಬ ಪುಟದ ಕೆಳಗೆ ಒಂದು ಸಾಲಿದೆ: "ಬಣ್ಣ ಮತ್ತು ಅಕ್ಷರ ವಿನ್ಯಾಸ: ನಮ್ಮ ಪೇಂಟರ್ ಅಜ್ಜ." ಅಲ್ಲಿ ನಿನ್ನ ಹೆಸರು ಹಾಕಲೇ ಎಂದು ವೀರೇಶ ಮೊದಲು ಕಂಪ್ಲಿಯ ಹುಡುಗಿಯನ್ನೇ ಕೇಳಿದ್ದ, ಉತ್ತರ ಬರಲಿಲ್ಲ. ಪ್ರೀತಿಯಿಂದ ನನ್ನದನ್ನು ಹಾಕಿದ. ನನಗೆ ತೋರಿಸಿದ. ಅವತ್ತೂ ನಾನು ತಕರಾರು ತೆಗೆಯಲಿಲ್ಲ. ಮದುವೆ ಮುಂಜಿಗಳಲ್ಲಿ ನೆಂಟರಿಗೆ ಆ ಪುಟ ತೆಗೆದು ತೋರಿಸಿದ್ದೂ ಉಂಟು.

ವೀರೇಶ, ಆ ಸಾಲನ್ನು ತೆಗೆದುಬಿಡು. ಅದರಲ್ಲಿ ನನ್ನದು ಕಾವಿ ಮಾತ್ರ, ಅದೂ ಸುಳ್ಳಿನ ಮೇಲೆ ಹಚ್ಚಿದ್ದು. ಉಳಿದದ್ದನ್ನೆಲ್ಲ ಮಾಡಿದವಳು ಬೇರೆ. ಇದನ್ನು ಓದಿ, ಅಜ್ಜ ಕ್ಷಮೆ ಕೇಳಿದ ಎಂದು ಮಾತ್ರ ಯಾರೂ ತಿಳಿಯಬೇಡಿ. ನಿಮ್ಮ ಮುಂದೆ ಬರೆಯುವುದು ಸುಲಭ. ಕೇಳಬೇಕಾದದ್ದು ಆಕೆಯ ಎದುರು, ಆಕೆಯ ಅಜ್ಜಿಯ ಎದುರು. ಆ ಓಣಿಗೆ ಹೋಗುವ ಕಾಲು ನನಗೆ ಇನ್ನೂ ಬಂದಿಲ್ಲ. ಆ ಸಾಲಿನಲ್ಲಿ ಇರಬೇಕಾದ ಹೆಸರನ್ನು ಊರಿನ ಹಿಂದೆ ಮರೆಮಾಡದೆ ಬರೆಯುವಷ್ಟು ಮಾತ್ರ ಇವತ್ತು ನನ್ನ ಕೈಲಾಗುತ್ತದೆ.

ಸುಜಾತ.